ಯಾವ ಕಲೆಗೆ ಲೇಸರ್, ಯಾವುದಕ್ಕೆ ಬೇಡ: ನನ್ನ ಅನುಭವ

ದಾವಣಗೆರೆಯ ನನ್ನ ಚರ್ಮದ ಕ್ಲಿನಿಕ್ಕಿಗೆ "ಲೇಸರ್ ಹೊಡಿಸ್ಬೇಕು ಮೇಡಂ" ಅಂತ ಬರುವವರಲ್ಲಿ ಹೆಚ್ಚಿನವರನ್ನು ನಾನು ಲೇಸರ್ ಕೋಣೆಗೆ ಕರೆದುಕೊಂಡು ಹೋಗುವುದೇ ಇಲ್ಲ. ಸಾಲ ಮಾಡಿ ಮಷೀನು ತಂದಿಟ್ಟುಕೊಂಡವಳು ಹೀಗೆ ಹೇಳುವುದು ವಿಚಿತ್ರ ಅನ್ನಿಸಬಹುದು. ಕಂತು ಕಟ್ಟುವ ದಿನ ನನಗೂ ಹಾಗೇ ಅನ್ನಿಸುತ್ತದೆ. ಆದರೆ ಕಪ್ಪಗೆ ಕಾಣುವುದೆಲ್ಲ ಒಂದೇ ಕಾಯಿಲೆಯಲ್ಲ, ಎಲ್ಲಕ್ಕೂ ಒಂದೇ ಮದ್ದೂ ಇಲ್ಲ.

ಕುತ್ತಿಗೆಯನ್ನೇ ತಗೊಳ್ಳಿ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಿಟ್ಟಿರುತ್ತದೆ. "ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ, ಸರಿಯಾಗಿ ಸ್ನಾನ ಮಾಡಲ್ಲ ಇವಳು" ಅಂತ ತಾಯಿ ಮಗಳನ್ನು ಎಲ್ಲರೆದುರು ಬೈಯುತ್ತಿರುತ್ತಾರೆ. ಅದು ಕೊಳೆಯಲ್ಲ. ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ ಅನ್ನುವುದರ ಗುರುತು. ಅಂಥವರಿಗೆ ಬರೆದುಕೊಡುವುದು ರಕ್ತಪರೀಕ್ಷೆ. ಹೇಳುವುದು ತೂಕ ಇಳಿಸುವ ಮಾತು. ಅದನ್ನು ಕೇಳಿ ಮುಖ ಸಣ್ಣಗೆ ಮಾಡಿಕೊಂಡು ಎದ್ದು ಹೋದವರೂ ಇದ್ದಾರೆ.

ಆಮೇಲೆ ಬಂಗು. ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಹರಡುವ ಕಂದು ಛಾಯೆ. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ತಗೊಂಡಾಗ, ಬಿಸಿಲಿನಲ್ಲಿ ದುಡಿದಾಗ ಹೆಚ್ಚುತ್ತದೆ. ಕಡಿಮೆ ಶಕ್ತಿಯ ಲೇಸರನ್ನು ಮುಖದ ತುಂಬ ಆಡಿಸುವ 'ಟೋನಿಂಗ್' ಇದಕ್ಕೆ ಧಾರಾಳವಾಗಿ ಮಾರಾಟವಾಗುತ್ತಿದೆ. ಮೊದಲ ಕೆಲವು ಸಿಟ್ಟಿಂಗ್‌ಗಳಲ್ಲಿ ಮುಖ ತಿಳಿಯಾಗುತ್ತದೆ, ನಿಲ್ಲಿಸಿದ ಮೇಲೆ ಬಂಗು ವಾಪಸ್ ಬರುತ್ತದೆ, ಕೆಲವರಲ್ಲಿ ಮೊದಲಿಗಿಂತ ಗಾಢವಾಗಿ. ಮತ್ತೆ ಮತ್ತೆ ಮಾಡಿಸಿದವರಿಗೆ ಕೆನ್ನೆಯ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಬೀಳುವುದುಂಟು. ಅವನ್ನು ಮಾಯಿಸುವುದು ಬಂಗಿಗಿಂತ ಕಷ್ಟ. ಹಾಗಾಗಿ ಬಂಗಿಗೆ ನನ್ನ ಮೊದಲ ಚೀಟಿಯಲ್ಲಿ ಸನ್‌ಸ್ಕ್ರೀನ್ ಮತ್ತು ಹಚ್ಚುವ ಔಷಧ ಇರುತ್ತದೆ, ಲೇಸರ್ ಇರುವುದಿಲ್ಲ. ಸನ್‌ಸ್ಕ್ರೀನೂ ಐರನ್ ಆಕ್ಸೈಡ್ ಬೆರೆತ, ಬಣ್ಣ ಇರುವಂಥದ್ದು. ಬಂಗನ್ನು ಕೆರಳಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು.

ಇನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ 'ಬೆಳ್ಳಗಾಗುವ' ಟ್ಯೂಬು. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಜೊತೆಗೆ ಸ್ಟೀರಾಯ್ಡ್ ಸೇರಿದ ಕ್ರೀಮು. ವೈದ್ಯರ ಕೈಯಲ್ಲಿ ಕೆಲವು ವಾರಕ್ಕೆ ಒಳ್ಳೆಯ ಔಷಧ. ವರ್ಷಗಟ್ಟಲೆ ಸ್ನೋ ಪೌಡರಿನ ಜಾಗದಲ್ಲಿ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು. ಚೀಟಿ ಕೇಳುವ ಅಂಗಡಿಗಳನ್ನು ನಾನಂತೂ ಹುಡುಕುತ್ತಲೇ ಇದ್ದೇನೆ. ಇಂಥ ಮುಖಕ್ಕೆ ತಿಂಗಳುಗಟ್ಟಲೆ ಲೇಸರ್ ಸೋಕಿಸುವುದಿಲ್ಲ.

ಬೆಳೆಯುತ್ತಿರುವ, ಬಣ್ಣ ಬದಲಾಗುತ್ತಿರುವ, ಅಂಚು ಒರಟಾದ ಮಚ್ಚೆ ಇದ್ದರೆ ಲೇಸರ್ ಮಾತೇ ಇಲ್ಲ. ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಸುಟ್ಟುಬಿಟ್ಟ ಮೇಲೆ ಅದು ಕ್ಯಾನ್ಸರ್ ಆಗಿತ್ತೋ ಇಲ್ಲವೋ ಎಂದು ಹೇಳಲು ಏನೂ ಉಳಿದಿರುವುದಿಲ್ಲ.

ಹಾಗಾದರೆ ಮಷೀನು ಯಾರಿಗೆ? ಹಚ್ಚೆ ತೆಗೆಸುವವರಿಗೆ, ಕೆಲವು ಬಗೆಯ ಬಿಸಿಲ ಚುಕ್ಕೆಗಳಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಓಟಾ ಮಚ್ಚೆಗೆ. ಕಣ್ಣಿನ ಸುತ್ತ, ಹಣೆಯ ಪಕ್ಕ, ಕೆನ್ನೆಯ ಮೇಲ್ಭಾಗದಲ್ಲಿ, ಸಾಮಾನ್ಯವಾಗಿ ಒಂದೇ ಬದಿಗೆ ಹರಡುವ ಬೂದು ನೀಲಿ ಕಲೆ ಇದು. 1939ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯ ಓಟಾ ಹೆಸರೇ ಇದಕ್ಕೆ ನಿಂತಿದೆ. ಬಣ್ಣ ತಯಾರಿಸುವ ಜೀವಕೋಶಗಳು ಚರ್ಮದ ಮೇಲ್ಪದರದಲ್ಲಿರದೆ ಆಳದಲ್ಲಿ ಉಳಿದುಕೊಂಡಿರುತ್ತವೆ. ಆಳದ ಕಪ್ಪು ಹೊರಗಿನಿಂದ ನೀಲಿಯಾಗಿ ಕಾಣುತ್ತದೆ. ಅಷ್ಟು ಆಳಕ್ಕೆ ಯಾವ ಕ್ರೀಮೂ ಇಳಿಯುವುದಿಲ್ಲ.

ಭದ್ರಾ ನಾಲೆಯ ಕಡೆಯ ಹಳ್ಳಿಯಿಂದ ಬಿ.ಎಡ್ ಓದುತ್ತಿದ್ದ ಒಬ್ಬ ಹುಡುಗಿ ಬಂದಿದ್ದಳು. ಬಲಗಣ್ಣಿನ ಸುತ್ತ ಇದೇ ಮಚ್ಚೆ, ಕಣ್ಣಿನ ಬಿಳಿ ಭಾಗದಲ್ಲೂ ನೀಲಿ. ಕೂದಲನ್ನು ಬಲಗೆನ್ನೆಯ ಮೇಲೆ ಇಳಿಬಿಟ್ಟು ಪಿನ್ನು ಹಾಕಿದ್ದಳು. ಅವಳಿಗಿಂತ ಹೆಚ್ಚು ಕುಗ್ಗಿದ್ದವರು ತಾಯಿ. "ನಂದೇ ತಪ್ಪು ಮೇಡಂ. ಇವಳು ಹೊಟ್ಟೇಲಿದ್ದಾಗ ಗ್ರಹಣದ ದಿನ ಹಿತ್ತಲಿಗೆ ಹೋಗಿದ್ದೆ" ಅಂದರು. ಅತ್ತೆ ಮನೆಯಲ್ಲಿ ಅದನ್ನು ಎಷ್ಟು ಸಲ ಹೇಳಿಸಿಕೊಂಡಿದ್ದರೋ. "ಜಪಾನಿನಲ್ಲಿ ಇದು ನಮಗಿಂತ ಹೆಚ್ಚು ಕಣಮ್ಮಾ, ಅಲ್ಲೇನು ದಿನಾ ಗ್ರಹಣ ಹಿಡಿಯುತ್ತಾ?" ಅಂದೆ. ಮಗಳು ನಕ್ಕಳು. ತಾಯಿ ಪೂರ್ತಿ ನಂಬಿದರೆಂದು ಹೇಳಲಾರೆ.

ಲೇಸರ್ ಕೆಲಸ ಮಾಡುವ ಬಗೆಯನ್ನು ಅವಳಿಗೆ ವಿವರವಾಗಿಯೇ ಹೇಳಿದೆ, ನಾಳೆ ಮಕ್ಕಳಿಗೆ ಪಾಠ ಮಾಡುವವಳಲ್ಲವೇ. 1983ರಲ್ಲಿ ಆಂಡರ್‌ಸನ್ ಮತ್ತು ಪ್ಯಾರಿಶ್ ಎಂಬ ಅಮೆರಿಕದ ವೈದ್ಯರು ಒಂದು ತತ್ವ ಮುಂದಿಟ್ಟರು: ಬಣ್ಣ ಹೀರುವಂಥ ತರಂಗಾಂತರ ಆರಿಸಿಕೊಂಡು, ಆ ಬಣ್ಣದ ಕಣದ ಬಿಸಿ ಪಕ್ಕಕ್ಕೆ ಹರಡುವ ಮೊದಲೇ ಬೆಳಕನ್ನು ಹಾಯಿಸಿ ನಿಲ್ಲಿಸಿದರೆ, ಕಣ ಒಡೆಯುತ್ತದೆ, ಸುತ್ತಲಿನ ಚರ್ಮ ಉಳಿಯುತ್ತದೆ. ನನ್ನಲ್ಲಿರುವ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಮಷೀನಿನ ಒಂದು ಹೊಡೆತ ಕೆಲವೇ ನ್ಯಾನೋಸೆಕೆಂಡಿನದು. ಅದರಲ್ಲಿ 532 ಮತ್ತು 1064 ನ್ಯಾನೋಮೀಟರ್ ಎಂದು ಎರಡು ತರಂಗಾಂತರಗಳಿವೆ. ತೊಡಕಿರುವುದು ನಮ್ಮ ಮೈಬಣ್ಣದಲ್ಲಿ. ಮಚ್ಚೆಯಲ್ಲಿರುವ ಮೆಲನಿನ್ ಎಂಬ ಬಣ್ಣವೇ ನಮ್ಮ ಮೇಲ್ಚರ್ಮದಲ್ಲೂ ಇದೆ. 532ರ ಬೆಳಕು ಮೇಲ್ಪದರದಲ್ಲೇ ಹೀರಿಹೋಗುತ್ತದೆ; ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖಕ್ಕೆ ಅದು ಸುಲಭವಾಗಿ ಸುಟ್ಟ ಕಲೆ ಬಿಡುತ್ತದೆ. 1064ರ ಬೆಳಕು ಮೇಲ್ಪದರವನ್ನು ಹೆಚ್ಚು ಕೆಣಕದೆ ಆಳಕ್ಕಿಳಿಯುತ್ತದೆ. ಆದ್ದರಿಂದ ಓಟಾ ಮಚ್ಚೆಗೆ ಅದೇ.

ಮೊದಲ ದಿನ ಹಣೆಯಂಚಿನ ಒಂದು ಚಿಕ್ಕ ಜಾಗಕ್ಕೆ ಮಾತ್ರ ಹೊಡೆದು ಕಳಿಸಿದೆ. ನಮ್ಮ ಚರ್ಮ ಗಾಯ ಮಾಗುವಾಗ ಕಪ್ಪಾಗುವ ಜಾತಿ. ಅದು ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. "ಇಷ್ಟು ದೂರ ಬಂದಿದ್ದು ಇಷ್ಟಕ್ಕೇನಾ?" ಅಂತ ಜೊತೆಗೆ ಬಂದಿದ್ದ ಸೋದರಮಾವ ಗೊಣಗಿದರು.

ಆ ಜಾಗ ಚೆನ್ನಾಗಿ ಮಾಗಿದ ಮೇಲೆ ಪೂರ್ತಿ ಸಿಟ್ಟಿಂಗ್. ಫೋಟೋ ಒಂದೇ ಬೆಳಕಿನಲ್ಲಿ, ಒಂದೇ ಕೋನದಲ್ಲಿ ತೆಗೆಯಬೇಕು. ಇಲ್ಲದಿದ್ದರೆ ಮುಂದೆ ಗುಣವಾಗಿದೆಯೋ ಇಲ್ಲವೋ ಎಂದು ವಾದವೇ ಆಗುತ್ತದೆ. ಮುಖ ತೊಳೆಸಿ, ಮರಗಟ್ಟಿಸುವ ಕ್ರೀಮು ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಸುಮಾರು ಒಂದು ಗಂಟೆ ಕೂರಿಸುತ್ತೇವೆ. ರೆಪ್ಪೆಯ ಮೇಲೆ ಹೊಡೆಯುವುದಿದ್ದರೆ ಹೊರಗಿನ ಕನ್ನಡಕ ಸಾಲದು. ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ರೆಪ್ಪೆಯೊಳಗೆ ಲೋಹದ ಪುಟ್ಟ ಕವಚ ಕೂರಿಸುತ್ತೇನೆ. ಇದನ್ನು ಹಾಕಲು ಬಾರದವರು ರೆಪ್ಪೆಗೆ ಲೇಸರ್ ಹಿಡಿಯಲೇಬಾರದು. ಕೋಣೆಯಲ್ಲಿರುವ ನನಗೆ, ಸಿಸ್ಟರಿಗೆ ಆ ತರಂಗಾಂತರಕ್ಕೇ ಆದ ಕನ್ನಡಕ. ಬಾಗಿಲು ಒಳಗಿನಿಂದ ಚಿಲಕ.

ಪ್ರತಿ ಹೊಡೆತಕ್ಕೂ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟ್ ಎನ್ನುತ್ತದೆ, ಸಣ್ಣಗೆ ಕೂದಲು ಸುಟ್ಟ ವಾಸನೆ ಬರುತ್ತದೆ. ನಾನು ನೋಡುವುದು ಮಷೀನಿನ ಪರದೆಯನ್ನಲ್ಲ, ಚರ್ಮವನ್ನು. ಹೊಡೆದ ಜಾಗ ಕ್ಷಣ ಮಾತ್ರ ಬೆಳ್ಳಗಾಗಬೇಕು. ರಕ್ತದ ಚುಕ್ಕೆ ಚಿಮ್ಮಿದರೆ, ಗುಳ್ಳೆ ಎದ್ದರೆ ಶಕ್ತಿ ಜಾಸ್ತಿಯಾಯಿತು ಎಂದರ್ಥ, ಇಳಿಸಬೇಕು. ಬಿಳಿ ಚರ್ಮದವರಿಗೆಂದು ಬರೆದ ಶಕ್ತಿಯ ಪಟ್ಟಿಯ ಕೆಳತುದಿಯಿಂದ ನಾನು ಶುರುಮಾಡುತ್ತೇನೆ. ಆಮೇಲೆ ಐಸ್, ಮೇಲೊಂದಿಷ್ಟು ಪೆಟ್ರೋಲಿಯಂ ಜೆಲ್ಲಿ. ಮರುದಿನ ರೆಪ್ಪೆ ಊದಿಕೊಳ್ಳುತ್ತದೆ ಎಂದು ಮೊದಲೇ ಹೇಳಿರಬೇಕು, ಇಲ್ಲವಾದರೆ ಬೆಳಗಿನ ಜಾವಕ್ಕೇ ಫೋನು. ಹಕ್ಕಳೆ ಕಟ್ಟಿದರೆ ಕೀಳುವಂತಿಲ್ಲ, ತಾನಾಗಿ ಉದುರಬೇಕು.

ಎರಡು ಸಿಟ್ಟಿಂಗ್ ನಡುವೆ ಎರಡು ಮೂರು ತಿಂಗಳ ಅಂತರ ಬೇಕು. ಒಡೆದ ಬಣ್ಣದ ಚೂರುಗಳನ್ನು ಸಾಗಿಸುವುದು ಲೇಸರಲ್ಲ, ದೇಹದ ಜೀವಕೋಶಗಳು. ಅವಕ್ಕೆ ಅವಸರವಿಲ್ಲ. ಅವಸರ ಇದ್ದದ್ದು ಮಾವನಿಗೆ: "ಹುಡುಗನ ಕಡೆಯವರು ನೋಡೋಕೆ ಬರ್ತಿದ್ದಾರೆ, ಬೇಗ ಬೇಗ ಹೊಡೆದು ಮುಗಿಸಿ ಡಾಕ್ಟ್ರೇ, ದುಡ್ಡು ಎಷ್ಟಾದ್ರೂ ಆಗಲಿ." ಆಗಲ್ಲ ಅಂದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ, ಲಗ್ನಕ್ಕೆ ದಿನ ಎಣಿಸಿ ಬರುವವರಿಗೆಲ್ಲ ನನ್ನ ಉತ್ತರ ಅದೇ. ಇನ್ನೂ ಚಿಕ್ಕ ಹೊಡೆತದ ಪಿಕೋಸೆಕೆಂಡ್ ಮಷೀನು ಬಂದರೂ ಈ ಕಾಯುವ ಕೆಲಸ ತಪ್ಪುವುದಿಲ್ಲ.

ಮೊದಲ ಸಿಟ್ಟಿಂಗ್ ಆದ ಮೇಲೆ ಅವಳಿಗೇ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲಾಮೇಲೆ ಹಣೆ ತಿಳಿಯಾಯಿತು, ನಂತರ ಕೆನ್ನೆ. ಈಗ ಕೆಳರೆಪ್ಪೆಯಲ್ಲಿ ಮಾತ್ರ ತೆಳು ನೀಲಿ ಉಳಿದಿದೆ. "ಸ್ವಲ್ಪ ಜಾಸ್ತಿ ಇಟ್ಟು ಹೊಡೀರಿ ಮೇಡಂ" ಅಂತ ಕೇಳಿದಳು. ನಾನು ಏರಿಸಲಿಲ್ಲ, ಅಷ್ಟು ತೆಳು ಚರ್ಮದಲ್ಲಿ ಕಲೆ ಬಿದ್ದರೆ ತೆಗೆಯಲು ನನ್ನ ಬಳಿ ಏನೂ ಇಲ್ಲ. ಕಣ್ಣಿನ ಬಿಳಿ ಭಾಗದ ನೀಲಿಗೆ ಈ ಲೇಸರ್ ಮುಟ್ಟಿಸುವಂತೆಯೇ ಇಲ್ಲ. ಓಟಾ ಮಚ್ಚೆ ಇರುವ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಆಗುವುದುಂಟು. ಅದಕ್ಕೇ ಅವಳ ಚೀಟಿಯ ಮೇಲೆ, ಲೇಸರ್ ನಿಲ್ಲಿಸಿದರೂ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸತಕ್ಕದ್ದು ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದೇನೆ.