ಎರಡು ಬಡಾವಣೆಗಳಲ್ಲಿ ಒಂದನ್ನು ಆರಿಸುವ ಮುನ್ನ

ಒಂದು ಬಡಾವಣೆಯನ್ನು ಭಾನುವಾರ ಬೆಳಿಗ್ಗೆ ನೋಡಿ, ಇನ್ನೊಂದನ್ನು ಕೆಲಸದ ದಿನ ಸಂಜೆ ನೋಡಿದರೆ ಮೊದಲನೆಯದೇ ಗೆಲ್ಲುತ್ತದೆ. ಹಾಗಾಗಿ ಎರಡನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಅಳತೆಗೋಲಿನಲ್ಲಿ ನೋಡಬೇಕು. ನಾಲ್ಕು ಭೇಟಿ ಸಾಕು: ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ, ಸಂಜೆ ಜನ ಮನೆಗೆ ಮರಳುವಾಗ, ರಾತ್ರಿ 11ಕ್ಕೆ, ಮತ್ತು ಜೋರು ಮಳೆ ನಿಂತ ಕೂಡಲೇ. ನಾಲ್ಕಕ್ಕೂ ಬಿಡುವಿಲ್ಲವೆಂದರೆ ಕೊನೆಯ ಎರಡನ್ನಂತೂ ಬಿಡಬೇಡಿ. ಯಾವ ದಲ್ಲಾಳಿಯೂ ತಾನಾಗಿ ಆ ಹೊತ್ತಿಗೆ ಮನೆ ತೋರಿಸಲು ಕರೆಯುವುದಿಲ್ಲ.

ಮಳೆ ಸಿಗದಿದ್ದರೆ ಅದರ ಗುರುತು ಹುಡುಕಿ. ಕಾಂಪೌಂಡ್ ಗೋಡೆಯ ಬುಡದಲ್ಲಿ ಒಂದೇ ಮಟ್ಟಕ್ಕೆ ಎಳೆದಂತಿರುವ ಕಂದು ಗೆರೆ, ಗೇಟಿನ ಕೆಳತುದಿಗೆ ಮಾತ್ರ ಹಿಡಿದ ತುಕ್ಕು, ಬಾಗಿಲ ಮುಂದೆ ಆಮೇಲೆ ಕಟ್ಟಿದ ಅರ್ಧ ಅಡಿಯ ಕಟ್ಟೆ, ನೆಲಮಾಳಿಗೆಯಲ್ಲಿ ಸಿದ್ಧವಾಗಿ ಕೂತ ಪಂಪು. ಇವುಗಳಲ್ಲಿ ಎರಡು ಕಂಡರೂ ಅಲ್ಲಿ ನೀರು ನುಗ್ಗಿರುವ ಸಾಧ್ಯತೆ ಹೆಚ್ಚು. ಬುಡದಿಂದ ಮೇಲಕ್ಕೆ ಏರುಪೇರಾಗಿ ಹಬ್ಬಿದ ಕಲೆ ಬೇರೆ. ಅದು ನೆಲದ ತೇವ ಗೋಡೆಗೆ ಏರಿದ್ದು, ಆ ಒಂದು ಕಟ್ಟಡದ ಕಾಯಿಲೆ. ನೀರು ನಿಂತ ಗೆರೆಯಾದರೆ ಅಕ್ಕಪಕ್ಕದ ಮನೆಗಳಲ್ಲೂ ಅದೇ ಮಟ್ಟದಲ್ಲಿ ಕಾಣುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಮನೆಯ ನೆಲಕ್ಕಿಂತ ಎತ್ತರವಾಗಿದ್ದರೆ, ಚರಂಡಿ ತುಂಬಿದ ದಿನ ನೀರಿಗೆ ಮನೆಯೊಳಗಿನದೇ ದಾರಿ.

ಓಡಾಟದ ಸಮಯವನ್ನು ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿ. ನಕ್ಷೆಯ ಆ್ಯಪ್‌ನಲ್ಲಿ ತಲುಪಬೇಕಾದ ಸಮಯ ಕೊಟ್ಟು, ಅದು ತೋರಿಸುವ ಅಂದಾಜಿನಲ್ಲಿ ಗರಿಷ್ಠವನ್ನೇ ಹಿಡಿಯಿರಿ. ನಿಲ್ದಾಣ 800 ಮೀಟರ್ ದೂರವಿದ್ದರೆ ಹತ್ತು ನಿಮಿಷದ ನಡಿಗೆ. ನಡುವೆ ದಾಟಲಾಗದ ಹೆದ್ದಾರಿಯಿದ್ದರೆ ಅದೇ ಇಪ್ಪತ್ತಾದೀತು. ದಿನಕ್ಕೆ 40 ನಿಮಿಷ ಹೆಚ್ಚಾದರೆ, 22 ಕೆಲಸದ ದಿನಗಳಿಗೆ ಸುಮಾರು 15 ಗಂಟೆ. ದೂರದ ಮನೆಯ ಬಾಡಿಗೆಯಲ್ಲಿ ಉಳಿಯುವ ಹಣದಿಂದ ಹೆಚ್ಚುವರಿ ಪ್ರಯಾಣದ ಖರ್ಚು ಕಳೆದು, ಮಿಕ್ಕಿದ್ದನ್ನು 15ರಿಂದ ಭಾಗಿಸಿ. ನಿಮ್ಮ ಒಂದು ಗಂಟೆಯನ್ನು ಎಷ್ಟಕ್ಕೆ ಮಾರುತ್ತಿದ್ದೀರಿ ಎಂಬುದು ಗೊತ್ತಾಗುತ್ತದೆ. ಎಷ್ಟೋ ಸಲ ಆ ಅಂಕಿ ನಗು ತರಿಸುವಷ್ಟು ಚಿಕ್ಕದು.

ರಾತ್ರಿಯ ಭೇಟಿಯಲ್ಲಿ ಮಲಗುವ ಕೋಣೆಯ ಕಿಟಕಿ ತೆರೆದು, ಮೊಬೈಲಿನ ಡೆಸಿಬಲ್ ಆ್ಯಪ್‌ನಲ್ಲಿ ಹತ್ತು ನಿಮಿಷ ಸದ್ದು ಅಳೆಯಿರಿ. ಅಂಕಿ ನಿಖರವಾಗಿರಲಾರದು, ಆದರೆ ಎರಡೂ ಕಡೆ ಒಂದೇ ಫೋನ್ ಬಳಸಿದರೆ ವ್ಯತ್ಯಾಸವನ್ನು ನಂಬಬಹುದು. 10 ಡೆಸಿಬಲ್ ಹೆಚ್ಚಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ರಾತ್ರಿಯ ವಾಹನ ಸದ್ದಿಗೆ ಹೇಳಿದ ಮಿತಿ ಮನೆಯ ಹೊರಗೆ ಸರಾಸರಿ 45 ಡೆಸಿಬಲ್. ಮುಖ್ಯರಸ್ತೆಯ ಕಡೆಗಿರುವ ಕೋಣೆಗೆ ಅದು ದಕ್ಕುವುದು ಕಷ್ಟ. ಅಲ್ಲಿದ್ದಾಗಲೇ ಬಾಗಿಲು ಮುಚ್ಚಿ ಫೋನಿನ ಸಿಗ್ನಲ್, ಎರಡು ನಲ್ಲಿ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿಬಿಡಿ.

ಬೆಲೆಯನ್ನು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಕೆಗೆ ಸಿಗುವ ನೆಲದ ಲೆಕ್ಕದಲ್ಲೇ ಹೋಲಿಸಿ, ಮೆಟ್ಟಿಲು ಮೊಗಸಾಲೆ ಸೇರಿಸಿದ ಅಳತೆಯಲ್ಲಿ ಬೇಡ. ಆಮೇಲೆ ಒಂದೇ ಬಗೆಯ ಮನೆಯ ಬೆಲೆಯನ್ನು ಅದರ ವರ್ಷದ ಬಾಡಿಗೆಯಿಂದ ಭಾಗಿಸಿ. 15ರೊಳಗಿದ್ದರೆ ಕೊಳ್ಳುವುದು, 20 ದಾಟಿದರೆ ಬಾಡಿಗೆಗಿರುವುದು ಲೇಸು ಎಂಬುದು ರೂಢಿಯ ಲೆಕ್ಕ. ಸಾಲದ ಬಡ್ಡಿ ಏರಿದಷ್ಟೂ ಈ ಗೆರೆ ಕೆಳಗಿಳಿಯುತ್ತದೆ. ಒಂದು ಕಡೆ 18, ಇನ್ನೊಂದು ಕಡೆ 30 ಬಂತೆನ್ನಿ. ಎರಡನೆಯ ಕಡೆ ಬೆಲೆಯೊಳಗೆ ಮುಂದೆಂದೋ ಬರಲಿರುವ ರೈಲು ಮಾರ್ಗದಂಥ ನಿರೀಕ್ಷೆಯೂ ಸೇರಿಕೊಂಡಿರಬಹುದು. ಅದು ಬಾರದೆ ಹೋದರೆ ನಷ್ಟ ಕೊಂಡವರದ್ದು. ಆ ಬಡಾವಣೆಯೇ ಇಷ್ಟವಾದರೆ ಅಲ್ಲಿ ಬಾಡಿಗೆಗಿರಿ.

ಬಾಡಿಗೆಯವರಿಗೆ ಇಂದಿನ ಸ್ಥಿತಿ ನೋಡಿದರೆ ಸಾಕು. ಕೊಳ್ಳುವವರು ನಗರ ಯೋಜನೆಯ ನಕ್ಷೆ ತೆರೆದು ಪಕ್ಕದ ಖಾಲಿ ಜಾಗದಲ್ಲಿ ಎಷ್ಟು ಮಹಡಿ ಏಳಬಹುದು, ರಸ್ತೆ ಅಗಲೀಕರಣದ ಗೆರೆ ಎಲ್ಲಿ ಹಾದಿದೆ ಎಂದೂ ನೋಡಬೇಕು. ಇಂದು ಬೆಳಕು ಸುರಿಯುವ ಕಿಟಕಿಯೆದುರು ನಾಳೆ ಗೋಡೆ ನಿಲ್ಲಬಹುದು.

ಅಲ್ಲಿಯ ನಿವಾಸಿಗಳನ್ನು “ಏರಿಯಾ ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರವೇ ಬರುತ್ತದೆ. “ಕಳೆದ ಸಲ ಕರೆಂಟ್ ಹೋಗಿದ್ದು ಎಷ್ಟು ಹೊತ್ತಿಗೆ ಬಂತು?”, “ಈ ಮನೆಯಲ್ಲಿದ್ದವರು ಯಾಕೆ ಬಿಟ್ಟರು?” ಎಂದು ಕೇಳಿ, ಎರಡೂ ಕಡೆ ಇವೇ ಪ್ರಶ್ನೆಗಳನ್ನು.