ಅಪ್ರದಕ್ಷಿಣೆಯಲ್ಲಿ ಒಂದು ಸುತ್ತು: ಮೈಸೂರು, ಶ್ರೀರಂಗಪಟ್ಟಣ, ಕೆಆರ್‌ಎಸ್

ಮೈಸೂರಿನಲ್ಲಿ ಗೇರ್ ಸೈಕಲ್ ಇಟ್ಟುಕೊಂಡವರಿಗೆಲ್ಲ ಶ್ರೀರಂಗಪಟ್ಟಣದ ದಾರಿ ಗೊತ್ತು, ಕೆಆರ್‌ಎಸ್ ದಾರಿಯೂ ಗೊತ್ತು. ಒಂದು ಭಾನುವಾರ ಅಲ್ಲಿಗೆ, ಇನ್ನೊಂದು ಭಾನುವಾರ ಇಲ್ಲಿಗೆ, ಹೋದ ದಾರಿಯಲ್ಲೇ ವಾಪಸ್, ಇದು ರೂಢಿ. ಎರಡನ್ನೂ ಸೇರಿಸಿ, ಆದಷ್ಟು ಕಾವೇರಿ ಹೊಳೆ ಪಕ್ಕದಲ್ಲೇ, ನಾಲೆಯ ಏರಿ (ಮಣ್ಣಿನ ದಂಡೆ) ಹಿಡಿದು, ಹೆದ್ದಾರಿಯನ್ನು ಹೆಚ್ಚುಕಡಿಮೆ ಮುಟ್ಟದೆ ಒಂದು ಸುತ್ತು ಹೊಡೆಯಬಹುದು ಅಂದಾಗ ನಮ್ಮ ಗುಂಪಿನಲ್ಲಿ ನಕ್ಕವರೇ ಜಾಸ್ತಿ. "ಏರಿ ಮೇಲೆ ಜಾಲಿ ಮುಳ್ಳು, ನಾಯಿ, ಟ್ರ್ಯಾಕ್ಟರು. ಅದೆಲ್ಲ ಯಾಕೆ ಸಾರ್ ನಿಮಗೆ" ಅಂದರು. ಇನ್ನೊಬ್ಬರು 2018ರಲ್ಲಿ ಕನಗನಮರಡಿ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ಸು ಬಿದ್ದು 30 ಜನ ಹೋದದ್ದನ್ನು ನೆನಪಿಸಿದರು. ಆ ಮಾತು ತೂಕದ್ದು, ಅದರ ವಿಷಯಕ್ಕೆ ಮುಂದೆ ಬರುತ್ತೇನೆ. ಆದರೆ ಈಗ ಅದೇ ಜನ ಶನಿವಾರ ರಾತ್ರಿ "ನಾಳೆ ಸುತ್ತು ಇದೆಯಾ ಸಾರ್" ಅಂತ ಮೆಸೇಜ್ ಹಾಕುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಒಟ್ಟು 55 ಕಿಲೋಮೀಟರ್ ಆಸುಪಾಸು. ಸಂಗಮದವರೆಗೂ ಹೋದರೆ ಅರವತ್ತರ ಹತ್ತಿರ. ಚೆಲುವಾಂಬ ಪಾರ್ಕಿನಿಂದ ಹೊರಟು ನಾಗನಹಳ್ಳಿ ಮೇಲೆ ಶ್ರೀರಂಗಪಟ್ಟಣ, ಅಲ್ಲಿಂದ ಪಶ್ಚಿಮವಾಹಿನಿ, ಪಾಲಹಳ್ಳಿ, ರಂಗನತಿಟ್ಟು, ಬಲಮುರಿ, ಬೆಳಗೊಳ, ಕೆಆರ್‌ಎಸ್, ಮತ್ತೆ ಕೆಆರ್‌ಎಸ್ ರಸ್ತೆಯಲ್ಲಿ ಪಾರ್ಕಿಗೆ. ಮ್ಯಾಪ್ ಹಿಡಿದು ನೋಡಿದರೆ ಇದು ಗಡಿಯಾರಕ್ಕೆ ಉಲ್ಟಾ. ಗುಟ್ಟಿರುವುದೇ ಅಲ್ಲಿ.

ಮೊದಲು ಎಲ್ಲರಂತೆ ನಾನೂ ಕೆಆರ್‌ಎಸ್ ಕಡೆಯಿಂದಲೇ ಶುರು ಮಾಡುತ್ತಿದ್ದೆ. ರಸ್ತೆ ನುಣುಪು, ಬೆಳಗಿನ ಹುರುಪು, ಒಂದು ಗಂಟೆಯೊಳಗೆ ಕಟ್ಟೆ. ಹೊಳೆ ಹರಿಯುವ ದಿಕ್ಕಿಗೇ ಶ್ರೀರಂಗಪಟ್ಟಣಕ್ಕೆ ಇಳಿಯುವುದೂ ಸುಖ. ಆಮೇಲೆ ಶುರು ಪಡಿಪಾಟಲು. ಶ್ರೀರಂಗಪಟ್ಟಣ ಸುಮಾರು 680 ಮೀಟರ್ ಎತ್ತರದಲ್ಲಿದೆ, ಮೈಸೂರು 760ರ ಹತ್ತಿರ. ಎಂಬತ್ತು ಮೀಟರ್ ಏರು ಅಂದರೆ ಕಾಗದದ ಮೇಲೆ ಏನೂ ಅಲ್ಲ. ಆದರೆ ಬೆಳಿಗ್ಗೆ ಹತ್ತೂವರೆ ಬಿಸಿಲು, ಕಾಲಲ್ಲಿ ಆಗಲೇ ಮೂವತ್ತೈದು ಕಿಲೋಮೀಟರ್, ಮೇಲೆ ಆಷಾಢದ ಗಾಳಿ ನೈಋತ್ಯದಿಂದ ನೇರ ಎದೆಗೆ. ಗುಂಪಿನ ಇಬ್ಬರು ಕಳಸ್ತವಾಡಿಯಲ್ಲಿ ಸೈಕಲ್ ಸಮೇತ ಲಗೇಜ್ ಆಟೋ ಹತ್ತಿದ್ದಾರೆ. ಆರುನೂರೋ ಏಳುನೂರೋ ಕೊಟ್ಟ ನೆನಪು. ಅಲ್ಲಿಗೆ "ಈ ಸುತ್ತು ಆಗಲ್ಲ" ಅಂತ ತೀರ್ಪಾಯಿತು.

ತಿರುಗಿಸಿದರೆ ಲೆಕ್ಕವೇ ಬೇರೆ. ಕಾಲು ಇನ್ನೂ ಬಿಸಿಯಾಗಿರದ ಹೊತ್ತಿಗೆ ಇಳಿಜಾರು. ಪಡುವಣಕ್ಕೆ ಮುಖ ಮಾಡಿ ಹೋಗಬೇಕಾದ ಭಾಗ ಏಳರಿಂದ ಒಂಬತ್ತೂಕಾಲರೊಳಗೆ, ಗಾಳಿ ಇನ್ನೂ ಜೋರಾಗುವ ಮುಂಚೆ, ಮುಗಿಯುತ್ತದೆ. ಕಟ್ಟೆಯಿಂದ ಮೈಸೂರಿಗೆ ಬರುವಾಗ ಗಾಳಿ ಪಕ್ಕಕ್ಕೆ, ಕೆಲವು ಕಡೆ ಬೆನ್ನಿಗೆ. ಇನ್ನೊಂದು ಲಾಭವಿದೆ. ಶ್ರೀರಂಗಪಟ್ಟಣದಿಂದ ಕೆಆರ್‌ಎಸ್‌ಗೆ ಹೋಗುವಾಗ ಹೊಳೆಯ ಹರಿವಿಗೆ ಎದುರಾಗಿ ನಾವು ಮೇಲಕ್ಕೆ ಹೋಗುತ್ತಿರುತ್ತೇವೆ. ನಾಲೆಯ ವಾಟ ತೀರಾ ಕಡಿಮೆ, ಏರಿ ಹಿಡಿದರೆ ಹತ್ತುತ್ತಿದ್ದೇವೆ ಅನ್ನುವುದೇ ಕಾಲಿಗೆ ತಿಳಿಯುವುದಿಲ್ಲ. ಮೈಸೂರಿಗೆ ಹತ್ತಬೇಕಾದ ಎತ್ತರದಲ್ಲಿ ಅರ್ಧದಷ್ಟು ಹೀಗೆ ಪುಕ್ಕಟೆ ತೀರಿಹೋಗುತ್ತದೆ. ನಮ್ಮ ಮಾವನವರು ಮಾತ್ರ "ದೇವಸ್ಥಾನದ ಊರಿಗೆ ಅಪ್ರದಕ್ಷಿಣೆ ಹಾಕ್ತೀರಲ್ಲ" ಅಂತ ಬೇಜಾರು ಮಾಡಿಕೊಂಡರು. ರಂಗನಾಥ ಮಲಗಿದ್ದಾನೆ, ಎದ್ದು ನೋಡುವುದಿಲ್ಲ ಬಿಡಿ ಅಂದೆ.

ನಾಗನಹಳ್ಳಿ ಯಾಕೆ ಅಂದರೆ, 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ನಮಗೆ ಪ್ರವೇಶವೇ ಇಲ್ಲ. ಸರ್ವೀಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಎದುರಿಗೆ ಬರುವ ಬೈಕುಗಳಿಗೆ ಎಡಬಲದ ಪರಿವೆ ಇಲ್ಲ. ನಾನು ಅದನ್ನು ಬೇಕಾದಷ್ಟೇ ಮುಟ್ಟಿ ಬಿಡುತ್ತೇನೆ.

ಇನ್ನು ಟಯರು. ದುಡ್ಡು ಸುರಿದದ್ದು ಇಲ್ಲೇ. ಮೊದಲಿದ್ದದ್ದು ರೋಡ್ ಬೈಕು, 25ರ (ಅಂದರೆ 25 ಮಿ.ಮೀ. ಅಗಲದ) ಟಯರು. ಏರಿಯ ಮೇಲೆ ಬಳ್ಳಾರಿ ಜಾಲಿ ಒಂದು ಕಡೆ, ನೆಗ್ಗಿಲ ಮುಳ್ಳು ಇನ್ನೊಂದು ಕಡೆ. ಜಾಲಿ ಮುಳ್ಳಾದರೂ ಕಣ್ಣಿಗೆ ಕಾಣುತ್ತದೆ. ನೆಗ್ಗಿಲು ಹಾಗಲ್ಲ, ಮಳೆ ನಿಂತು ನೆಲ ಒಣಗಿದ ಮೇಲೆ ಮಣ್ಣಿನ ಬಣ್ಣಕ್ಕೇ ತಿರುಗಿ ಬಿದ್ದಿರುತ್ತದೆ. ಒಂದೊಂದು ದಿನ ಎರಡು ಟ್ಯೂಬು ಹೋಗಿವೆ, ಟ್ಯೂಬಿಗೆ ಮುನ್ನೂರೈವತ್ತರ ಮೇಲೆ. ಆಮೇಲೆ ಟ್ಯೂಬ್‌ಲೆಸ್ ಹುಚ್ಚು ಹಿಡಿಯಿತು. ಟೇಪು, ವಾಲ್ವು, ಸೀಲೆಂಟು (ತೂತು ಮುಚ್ಚುವ ದ್ರವ) ಸೇರಿ ಮೂರು ಸಾವಿರ ದಾಟಿತು. ಮನೆಯ ನಿಲುವು ಪಂಪಿನಲ್ಲಿ ಟಯರು ರಿಮ್ಮಿಗೆ ಕೂರಲೇ ಇಲ್ಲ, ಲಾರಿ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಹೊತ್ತುಕೊಂಡು ಹೋದೆ. ಕೂತಿತು. ಮಾರ್ಚ್, ಏಪ್ರಿಲ್ ಬಿಸಿಲಿಗೆ ಒಳಗಿನ ಸೀಲೆಂಟ್ ಒಣಗಿ ರಬ್ಬರ್ ಉಂಡೆಯಾಯಿತು. ಎರಡೆರಡು ತಿಂಗಳಿಗೆ ಮತ್ತೆ ಸುರಿಯುವಷ್ಟು ಶ್ರೀಮಂತಿಕೆ ನನಗಿಲ್ಲ.

ಕೊನೆಗೆ ಗೆದ್ದದ್ದು ಹಳೇ ಹೈಬ್ರಿಡ್ ಸೈಕಲ್ಲು. ಸೆಕೆಂಡ್ ಹ್ಯಾಂಡ್, ಹನ್ನೊಂದು ಸಾವಿರದ ಆಸುಪಾಸು. 38ರ ಟಯರ್ ಜೋಡಿಗೆ ಎರಡೂವರೆ ಸಾವಿರ. ಸವೆದ ರೋಡ್ ಟಯರಿನ ಅಂಚಿನ ತಂತಿ ಕತ್ತರಿಸಿ ತೆಗೆದು, ಉಳಿದ ಪಟ್ಟಿಯನ್ನು ಹೊಸ ಟಯರಿನ ಒಳಗೆ ಹಾಸಿದೆ. ಪಟ್ಟಿಯ ತುದಿಗಳನ್ನು ಚೂರಿಯಲ್ಲಿ ಹೆರೆದು ತೆಳ್ಳಗೆ ಮಾಡದಿದ್ದರೆ ಅದೇ ಟ್ಯೂಬನ್ನು ತಿನ್ನುತ್ತದೆ. ಗಾಳಿ ಹಿಂದೆ 42, ಮುಂದೆ 36 ಪಿಎಸ್‌ಐ, ನನ್ನ ತೂಕ ಎಂಬತ್ತಕ್ಕೆ ಒಂದೆರಡು ಕಡಿಮೆ. "ಅಷ್ಟು ಕಮ್ಮಿ ಗಾಳಿಗೆ ಸೈಕಲ್ ಓಡುತ್ತಾ" ಅಂದವರು ಏರಿಯ ಮೇಲೆ ನನ್ನ ಹಿಂದೆಯೇ ಬಂದರು, ಅದೂ ನಡೆದುಕೊಂಡು. ಟ್ಯೂಬಿನೊಳಗೆ ಇನ್ನೊಂದು ಪದಾರ್ಥ ಹಾಕುತ್ತೇನೆ. ಅದು ಅಡುಗೆಮನೆಯದ್ದು, ಇಪ್ಪತ್ತು ರೂಪಾಯಿಯೊಳಗಿನದ್ದು. ಯಾವುದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಪಂಕ್ಚರ್ ಆಗುವುದು ಈಗ ಯಾವಾಗಲೋ ಒಮ್ಮೆ.

ಸುಗ್ಗಿಯಲ್ಲಿ ಬೇರೆ ತರಹದ ಕಾಟ. ಹುರುಳಿಯನ್ನು, ರಾಗಿ ತೆನೆಯನ್ನು ಟಾರ್ ರಸ್ತೆಗೆ ಹರಡಿರುತ್ತಾರೆ, ಬಸ್ಸು ಲಾರಿ ಹರಿದರೆ ಕಾಳು ಉದುರಲಿ ಅಂತ. ಅದರ ಮೇಲೆ ಪೆಡಲ್ ತುಳಿದರೆ ಹುರುಳಿ ಬಳ್ಳಿ ಗೇರು ಬದಲಿಸುವ ಹಿಂದಿನ ಡಿರೇಲರ್‌ಗೆ ಸುತ್ತಿಕೊಂಡು ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಪಾಲಹಳ್ಳಿ ಹತ್ತಿರ ನನ್ನದು ಮುರಿದಾಗ ರಾಶಿಯ ಪಕ್ಕ ಕೂತಿದ್ದ ಅಜ್ಜ "ಯಾಕ್ ಸಾಮಿ, ಬಸ್ ಬರಾಕಿಲ್ವಾ ನಿಮ್ಮೂರಿಂದ" ಅಂದ. ಐನೂರು ರೂಪಾಯಿ ಭಾಗ, ಮೈಸೂರಿನಲ್ಲಿ ಸಿಗದೆ ಬೆಂಗಳೂರಿನಿಂದ ತರಿಸಬೇಕಾಯಿತು. ಈಗ ಬ್ಯಾಗಿನಲ್ಲಿ ಒಂದು ಹೆಚ್ಚಿಗೆ ಇರುತ್ತದೆ. ಹುರುಳಿ ಕಂಡರೆ ಇಳಿದು ತಳ್ಳುತ್ತೇನೆ, ಅಥವಾ ಮೊದಲೇ ವೇಗ ಮಾಡಿಕೊಂಡು ಪೆಡಲ್ ನಿಲ್ಲಿಸಿ ಉರುಳಿಸಿಬಿಡುತ್ತೇನೆ.

ಏರಿಯ ವಿಷಯಕ್ಕೆ ಬರೋಣ. ಬಸ್ಸು ಬಿದ್ದ ವಿ.ಸಿ. ನಾಲೆ ಎಡದಂಡೆಯದ್ದು, ದೊಡ್ಡದು, ಆಳ. ನಾನು ಹಿಡಿಯುವುದು ಬಲದಂಡೆಯ ಹಳೇ ನಾಲೆ, ವಿರಿಜಾ. ಆದರೂ ತುಂಬಿ ಹರಿಯುವಾಗ ನೀರಿನ ಕಡೆಯ ಅಂಚಿಗೆ ಹೋಗುವುದಿಲ್ಲ, ಹೊಲದ ಕಡೆಯ ಗಾಲಿಜಾಡೇ ಗತಿ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಇಳಿದು ಗದ್ದೆ ಬದಿಗೆ ನಿಲ್ಲಬೇಕು, ಅಲ್ಲಿ ವಾದ ಮಾಡಬಾರದು. ಮಳೆ ಬಿದ್ದ ಎರಡು ದಿನ ಆ ಕಡೆ ಹೋಗಬೇಡಿ, ಮಣ್ಣು ಬ್ರೇಕಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ನಡುವೆ ಒಂದು ಕಡೆ ಮೋರಿ ಕುಸಿದು ದಾರಿ ಕಡಿದಿದೆ. ಎಲ್ಲರೂ ಅಲ್ಲಿಂದ ವಾಪಸ್ಸಾಗಿ "ದಾರಿ ಇಲ್ಲ" ಅನ್ನುತ್ತಾರೆ. ದಾರಿ ಇದೆ, ಒಂದು ತೆಂಗಿನ ತೋಟದ ಅಂಚಿನಲ್ಲಿ. ತೋಟದವರು ನಮ್ಮಂಥ ನಾಲ್ಕು ಜನಕ್ಕೆ ಬೇಡ ಅನ್ನುವುದಿಲ್ಲ, ನಲವತ್ತು ಜನ ಬಂದರೆ ಬೇಲಿ ಹಾಕುತ್ತಾರೆ. ಜೊತೆಗೆ ಬಂದವರಿಗೆ ತೋರಿಸುತ್ತೇನೆ.

ಹೊರಡುವ ಮುಂಚೆ ನಾನು ನೋಡುವುದು ಹವಾಮಾನದ ಆಪ್ ಅಲ್ಲ, ಪತ್ರಿಕೆಯಲ್ಲಿ ಬರುವ ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ ಎಲ್ಲರಿಗೂ ಬಾಯಿಪಾಠ, ಆದರೆ ನಮಗೆ ಬೇಕಾದದ್ದು ಪಕ್ಕದಲ್ಲಿರುವ ಹೊರಹರಿವು. ಅದು ಇಪ್ಪತ್ತು ಸಾವಿರ ಕ್ಯೂಸೆಕ್ ದಾಟಿದರೆ ಬಲಮುರಿ ಕಡೆ ತಿರುಗುವುದಿಲ್ಲ, ಇದು ನನ್ನ ಲೆಕ್ಕ. ಲಕ್ಷದ ಹತ್ತಿರ ಹೋದರೆ ಆ ವಾರ ಹೊಳೆ ಪಕ್ಕದ ಸವಾರಿಯೇ ಬೇಡ. ಅಂಥ ಹೊತ್ತಿನಲ್ಲಿ ವೆಲ್ಲೆಸ್ಲಿ ಸೇತುವೆಯನ್ನೂ ಮುಚ್ಚುತ್ತಾರೆ. 1804ರಲ್ಲಿ ಪೂರ್ಣಯ್ಯನವರು ಕಲ್ಲಿನ ಕಂಬ ನಿಲ್ಲಿಸಿ ಕಟ್ಟಿಸಿದ ಸೇತುವೆ. ನಮ್ಮ ಸುತ್ತಿಗೆ ಅದು ಬೇಕಿಲ್ಲ, ಆದರೂ ಗಂಜಾಂ ಕಡೆ ಹೋಗುವ ದಿನ ಸುಮ್ಮನೆ ಅದರ ಮೇಲೆ ಒಂದು ಸಲ ಹೋಗಿಬರುತ್ತೇನೆ.

ದರಿಯಾ ದೌಲತ್, ಗುಂಬಜ್, ಸಂಗಮ ಎಲ್ಲ ನೋಡುತ್ತ ಕೂತರೆ ಬೆಳಗಿನ ತಂಪು ಅಲ್ಲೇ ಖರ್ಚಾಗುತ್ತದೆ. ದರಿಯಾ ದೌಲತ್ ತೋಟದ ಹೊರಗೆ ಮರದಡಿ ಐದು ನಿಮಿಷ ಸಾಕು. ರಂಗನತಿಟ್ಟಿನಲ್ಲೂ ಒಳಗೆ ಹೋಗುವುದಿಲ್ಲ. 17ನೇ ಶತಮಾನದಲ್ಲಿ ನಾಲೆಗೆಂದು ಹೊಳೆಗೆ ಅಡ್ಡ ಒಡ್ಡು ಕಟ್ಟಿದ್ದರಿಂದಲೇ ಆ ದ್ವೀಪಗಳಾದದ್ದು. 1940ರಲ್ಲಿ ಸಲೀಂ ಅಲಿಯವರ ಮಾತಿಗೆ ಮಹಾರಾಜರು ಅವನ್ನು ಪಕ್ಷಿಧಾಮ ಮಾಡಿದರು. ಫೆಬ್ರವರಿ ಮಾರ್ಚಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡಿಗೆ ಕಡ್ಡಿ ಹೊತ್ತು ಗದ್ದೆಗಳ ಮೇಲೆ ಓಡಾಡುವಾಗ ಟಿಕೆಟ್ ಇಲ್ಲದೆಯೇ ಬೇಕಾದಷ್ಟು ಕಾಣುತ್ತವೆ. ಕಟ್ಟೆಯ ಮೇಲಿನ ರಸ್ತೆಗೆ ಸಾರ್ವಜನಿಕರನ್ನು ಬಿಡುವುದಿಲ್ಲ, ಬೃಂದಾವನದ ಗೇಟಿನವರೆಗೆ ಹೋಗಿ ತಿರುಗಿಸಿದರಾಯಿತು.

ಊಟೋಪಚಾರದಲ್ಲೂ ಪ್ರಯೋಗ ನಡೆಸಿದ್ದೇನೆ. ನೂರಿಪ್ಪತ್ತು ರೂಪಾಯಿಯ ಎನರ್ಜಿ ಜೆಲ್ ಒಂದು ವಾರ, ಆಲೆಮನೆಯ ಬಿಸಿ ಬೆಲ್ಲ ಒಂದು ವಾರ. ಬೆಲ್ಲವೇ ಮೇಲು, ಜೊತೆಗೆ ಹುರಿಗಡಲೆ ಇರಬೇಕು. ಬರೀ ಬೆಲ್ಲ ತಿಂದ ದಿನ ಬೆಳಗೊಳ ದಾಟುವಷ್ಟರಲ್ಲಿ ಬಾಯಾರಿ ಎರಡೂ ಬಾಟಲಿ ಖಾಲಿ. ಕಬ್ಬಿನ ಹಾಲು ಕುಡಿದು ಏರು ಹತ್ತಿದವರ ಪಾಡು ಹೇಳುವುದು ಬೇಡ. ದಾರಿಗೆ ಅಡ್ಡ ಬರುವ ಎಮ್ಮೆಗಳಿಗೆ ಸೈಕಲ್ಲಿನ ಯಾವ ಸದ್ದು ಅಂತಲೂ ನೋಡಿದೆ. ಹಿತ್ತಾಳೆ ಗಂಟೆ, ಒತ್ತುವ ಹಾರನ್ನು, ಚೀನಾದ ಎಲೆಕ್ಟ್ರಿಕ್ ಪೀಪಿ. ಯಾವುದಕ್ಕೂ ಜಗ್ಗಲಿಲ್ಲ. ಕಾಯುವ ಹುಡುಗ "ಹೋ" ಅಂತ ಒಂದು ಕೂಗು ಹಾಕಿದ, ಎಲ್ಲ ಪಕ್ಕಕ್ಕೆ ಸರಿದವು. ಈಗ ನಾನೂ ಕೂಗುತ್ತೇನೆ. ಪೀಪಿಗೆ ಕೊಟ್ಟ ನಾನೂರು ರೂಪಾಯಿ ಮೊಮ್ಮಗನ ಆಟಕ್ಕೆ ಜಮಾ.

ಸಮಯ ಹೀಗೆ: ಆರಕ್ಕೆ ಕಾಲು ಗಂಟೆ ಮುಂಚೆ ಪಾರ್ಕು, ಏಳರೊಳಗೆ ಶ್ರೀರಂಗಪಟ್ಟಣ, ಎಂಟರ ಸುಮಾರಿಗೆ ಪಾಲಹಳ್ಳಿಯಲ್ಲಿ ಇಡ್ಲಿ, ಒಂಬತ್ತೂಕಾಲಕ್ಕೆ ಕೆಆರ್‌ಎಸ್, ಹತ್ತೂಮುಕ್ಕಾಲಿಗೆ ಮನೆ. ಓಡುವಾಗಿನ ಸರಾಸರಿ ಹದಿನಾರು, ಹದಿನೇಳು. ರೇಸಿನವರಿಗೆ ಇದು ನಗೆಪಾಟಲು, ಇರಲಿ. ಅರವತ್ತು ದಾಟಿದ ಒಬ್ಬರು ಕಳೆದ ಕಾರ್ತಿಕದಲ್ಲಿ ನಮ್ಮೊಡನೆ ಪೂರ್ತಿ ಮುಗಿಸಿದರು, ಮೇಟಗಳ್ಳಿಯ ಕೊನೇ ಏರಿನಲ್ಲೂ ಇಳಿಯಲಿಲ್ಲ. ಮುಂದಿನ ಯೋಚನೆ ಹೊಳೆ ದಾಟಿ ಎಡದಂಡೆಯ ಸಿಡಿಎಸ್ (ಚಿಕ್ಕದೇವರಾಯ ಸಾಗರ) ನಾಲೆ ಹಿಡಿದು ಕರಿಘಟ್ಟದವರೆಗೂ ಹಿಗ್ಗಿಸುವುದು. ಎಂಬತ್ತರ ಹತ್ತಿರ ಆಗಬಹುದು. ಅರ್ಧ ದಾರಿ ನೋಡಿ ಬಂದಿದ್ದೇನೆ, ನಾಯಿಗಳು ಜಾಸ್ತಿ. ಈ ಭಾನುವಾರ ಹಳೇ ಸುತ್ತೇ. ಬರುವವರು 35ಕ್ಕಿಂತ ತೆಳು ಟಯರಿನಲ್ಲಿ ಬರಬೇಡಿ, ಏರಿ ಮೇಲೆ ಕಾಯುತ್ತ ನಿಲ್ಲುವುದಿಲ್ಲ.