ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ: ನನ್ನ ಅನುಭವ

ಹಳೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ ಅಂತ ಕೇಳುವವರೆಲ್ಲ ಮೊದಲು ವಿಚಾರಿಸುವುದು ಸಾಫ್ಟ್‌ವೇರ್ ಯಾವುದು ಅಂತ. ಆಡಾಸಿಟಿ ಅಂತ ಒಂದಿದೆ, ಪುಕ್ಕಟೆ ಸಿಗುತ್ತದೆ, ಅದು ಸಾಕು. ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ಕೆಲಸ ಇರುವುದು ಸ್ಕ್ರೂಡ್ರೈವರ್ ಮತ್ತು ಹತ್ತಿಯಲ್ಲಿ. ರೀಲಿನಿಂದ ಸ್ವರ ಸರಿಯಾಗಿ ಹೊರಗೆ ಬರದಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿಣುಕಿದರೂ ಅಷ್ಟೇ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಇದ್ದದ್ದು ಜಾಸ್ತಿ ತಾಳಮದ್ದಳೆಯ ಕ್ಯಾಸೆಟ್ಟುಗಳು, ಅಂದರೆ ವೇಷ, ಕುಣಿತ ಇಲ್ಲದೆ ಭಾಗವತರ ಹಾಡು, ಅರ್ಥಧಾರಿಗಳ ಮಾತಿನಲ್ಲೇ ನಡೆಯುವ ಯಕ್ಷಗಾನ. ಸುತ್ತಮುತ್ತ ಎಲ್ಲಿ ಕೂಟ ಆದರೂ ಅಪ್ಪಯ್ಯ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಜೊತೆಗೆ ಅಮ್ಮಮ್ಮ ಹೇಳಿದ ಹಸೆ ಹಾಡುಗಳು. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಯಾಕೆ ಅಂತ ಸಿನಿಮಾ ಹಾಡಿನ ಕ್ಯಾಸೆಟ್ಟಿನ ಬೆನ್ನಿನ ತೂತಿಗೆ ಗಮ್ ಟೇಪ್ ಅಂಟಿಸಿ, ಅದರ ಮೇಲೆಯೇ ಅರ್ಥಗಾರಿಕೆ ತುಂಬಿಸಿದ್ದೂ ಉಂಟು! ಹಾಗಾಗಿ ನಾನು ಮೊದಲು ಆ ಗಮ್ ಟೇಪ್ ಕೀಳುತ್ತೇನೆ. ಖಾಲಿ ಕ್ಯಾಸೆಟ್ಟಾಗಿ ತಂದದ್ದಾದರೆ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರು ಮುರಿಯುತ್ತೇನೆ. ಆಮೇಲೆ ರೆಕಾರ್ಡ್ ಬಟನ್ ಒತ್ತಲು ಹೋದರೂ ಒಳಗೆ ಇಳಿಯುವುದಿಲ್ಲ, ಅಳಿಸಿಹೋಗುವ ಭಯ ಇಲ್ಲ.

ನಮ್ಮ ಕಡೆ ದೊಡ್ಡ ತಾಪತ್ರಯ ಬೂಷ್ಟಿನದ್ದು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೇ ಬೂಷ್ಟು ಬರುವ ಊರು, ರೀಲನ್ನು ಬಿಡುತ್ತದಾ? ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಸುತ್ತಿದ ರೀಲಿನ ಅಂಚಿಗೆ ಬಿಳಿ ಹುಡಿ ಕಾಣುತ್ತದೆ. ಅದನ್ನು ಹಾಗೇ ಪ್ಲೇಯರಿಗೆ ಹಾಕಿದರೆ ಹುಡಿ ರೀಲಿನಿಂದ ಸ್ವರ ಓದುವ ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ನಾನು ಇದಕ್ಕೆ ಕೈ ಹಾಕುವುದು ಅಡಿಕೆ ಕೊಯ್ಲು ಮುಗಿದು ಶಿವರಾತ್ರಿ ಕಳೆದ ಮೇಲೆ. ಆಗ ಗಾಳಿ ಒಣಗಿರುತ್ತದೆ, ಕೈಯೂ ಖಾಲಿ. ಮೂಗಿಗೆ ಮಾಸ್ಕ್ ಹಾಕಿ ಅಂಗಳದ ನೆರಳಲ್ಲಿ ಕೂರುತ್ತೇನೆ. ಮೆತ್ತಗಿನ ಒಣ ಬಟ್ಟೆಯನ್ನು ರೀಲಿಗೆ ಹಗುರಾಗಿ ತಾಗಿಸಿಕೊಂಡು, ಪೆನ್ಸಿಲ್ ತಿರುಗಿಸಿ ಈ ತುದಿಯಿಂದ ಆ ತುದಿವರೆಗೆ ಸುತ್ತುವುದು. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 130 ಮೀಟರ್ ರೀಲಿರುತ್ತದೆ, ಕೈ ಸೋತು ಬರುತ್ತದೆ. ಬೂಷ್ಟು ಹೋಗಲಿ ಅಂತ ಬಿಸಿಲಿಗೆ ಹಾಕುವುದು, ಬಚ್ಚಲ ಒಲೆಯ ಹತ್ತಿರ ಇಡುವುದು ಮಾತ್ರ ಬೇಡ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ರೀಲೂ ಹಾಳು.

ಕೆಲವು ಕ್ಯಾಸೆಟ್ಟುಗಳಲ್ಲಿ ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಉದುರಿಹೋಗಿರುತ್ತದೆ. ಸ್ವರ ಮಂಕಾಗಿ, ಬಂದು ಹೋಗಿ ಮಾಡುತ್ತಿದ್ದರೆ ಅಲ್ಲೇ ನೋಡಿ. ಬೇಡದ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ಅದರ ಪ್ಯಾಡನ್ನು ಪಟ್ಟಿ ಸಮೇತ ಇದಕ್ಕೆ ಕೂರಿಸಿದರೆ ಆಯಿತು.

ಪ್ಲೇಯರ್ ವಿಷಯಕ್ಕೆ ಬಂದರೆ, ನೇರ ಕಂಪ್ಯೂಟರಿಗೆ ಚುಚ್ಚುವ ಅಗ್ಗದ ಹೊಸ ಪ್ಲೇಯರುಗಳು ನನಗೆ ಹಿಡಿಸಲಿಲ್ಲ. ಭಾಗವತರ ಆಲಾಪ ಅದರಲ್ಲಿ ನಡುಗುತ್ತದೆ. ಹಳೇ ಕ್ಯಾಸೆಟ್ ಡೆಕ್ಕೇ ವಾಸಿ. ಅದರೊಳಗಿನ ರಬ್ಬರ್ ಬೆಲ್ಟ್ ಕರಗಿ ಟಾರಿನ ಹಾಗಾಗಿತ್ತು, ಶಿವಮೊಗ್ಗದಿಂದ ಹೊಸದು ತಂದು ಹಾಕಿದೆ. ಹೆಡ್ಡನ್ನೂ ರೀಲು ಎಳೆಯುವ ಕಬ್ಬಿಣದ ಕಡ್ಡಿಯನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಬೇಕು. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಿ.

ಇನ್ನು ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ. ಇದನ್ನು ಬಹಳ ಜನ ಮುಟ್ಟುವುದೇ ಇಲ್ಲ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಯಾವ ಓರೆಯಲ್ಲಿತ್ತೋ ನಿಮ್ಮ ಹೆಡ್ಡೂ ಅದೇ ಓರೆಯಲ್ಲಿ ನಿಂತರೆ ಮಾತ್ರ ಸ್ವರ ಬಿಚ್ಚುತ್ತದೆ. ನಾನು ಭಾಗವತರ ತಾಳಕ್ಕೆ ಕಿವಿ ಕೊಡುತ್ತೇನೆ. ಕ್ಯಾಸೆಟ್ ಓಡುತ್ತಿರುವಾಗಲೇ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ, ಅಲ್ಲಿಯವರೆಗೆ ಬಟ್ಟೆ ಮುಚ್ಚಿದ ಹಾಗಿದ್ದ ತಾಳ ಒಂದು ಕಡೆ ಠಣ್ ಅನ್ನುತ್ತದೆ. ಅದನ್ನೂ ದಾಟಿದರೆ ಮತ್ತೆ ಮಂಕು. ಠಣ್ ಅಂದಲ್ಲಿ ನಿಲ್ಲಿಸುವುದು. ಬೇರೆ ಯಂತ್ರದಲ್ಲಿ ರೆಕಾರ್ಡ್ ಆದ ಕ್ಯಾಸೆಟ್ ಬಂದರೆ ಮತ್ತೆ ಮೊದಲಿಂದ.

ಓಟ ಸರಿ ಇದೆಯಾ ಅಂತ ನೋಡಲು ನಮ್ಮ ಮನೆಯ ಶ್ರುತಿಪೆಟ್ಟಿಗೆ ಸಹಾಯಕ್ಕೆ ಬಂತು. ನಮ್ಮ ಜಗಲಿಯ ಕೂಟಗಳಿಗೆಲ್ಲ ಅದೇ ಪೆಟ್ಟಿಗೆ. ಟೇಪಿನ ಶ್ರುತಿ ಅದಕ್ಕಿಂತ ಮೇಲೆ ನಿಂತರೆ ಡೆಕ್ ಜೋರಾಗಿ ಓಡುತ್ತಿದೆ ಅಂತ ಅರ್ಥ. ಕರೆಂಟಿನಲ್ಲಿ ರೆಕಾರ್ಡ್ ಮಾಡಿದ್ದರೆ ಅದರ ಗುಂಯ್ ಸದ್ದು 50 ಹರ್ಟ್ಜ್ ಹತ್ತಿರ ಇರಬೇಕು, ಆಡಾಸಿಟಿಯಲ್ಲಿ ನೋಡಬಹುದು. ಆದರೆ ಆಗಿನ ಕರೆಂಟು 50ಕ್ಕಿಂತ ಕೆಳಗೆ ಇಳಿಯುತ್ತಿತ್ತಲ್ವಾ, ಹಾಗಾಗಿ ನಾನು ಪೆಟ್ಟಿಗೆಯನ್ನೇ ನಂಬುತ್ತೇನೆ.

ಡೆಕ್ಕಿನ ಲೈನ್ ಔಟ್‌ನಿಂದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಅಲ್ಲಿಂದ ಲ್ಯಾಪ್‌ಟಾಪ್. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದರೆ ಸ್ವರ ಒಡೆಯುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿದರೆ ಗುಂಯ್ ಸದ್ದು ಎಷ್ಟೋ ಕಡಿಮೆ. ಚಂಡೆಯ ಪೆಟ್ಟು ಬಿದ್ದಾಗಲೂ ಆಡಾಸಿಟಿಯ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಟ್ಟುಕೊಂಡು, ವೇವ್ ಫೈಲಾಗಿಯೇ ಉಳಿಸಿ. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ 10 ಎಂಬಿ ಬೇಕು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಹಿಡಿಯುತ್ತದೆ, ಅವಸರ ಮಾಡಲು ದಾರಿ ಇಲ್ಲ. ನಾನು ಸುಮ್ನೆ ಬಿಟ್ಟು ತೋಟಕ್ಕೆ ಹೋಗುತ್ತೇನೆ.

ಕೊನೆಯದು ಸದ್ದು ತೆಗೆಯುವುದು. ರೀಲಿನ ಸುಯ್ ಸದ್ದು ಮಾತ್ರ ಇರುವ ಜಾಗ ಆರಿಸಿ ತೋರಿಸಿದರೆ ಆಡಾಸಿಟಿ ಅದನ್ನು ಉಳಿದ ಕಡೆಯೂ ತಗ್ಗಿಸುತ್ತದೆ. ಜೋರಾಗಿ ತಗ್ಗಿಸಿದರೆ ತಾಳವನ್ನೂ ತಿಂದುಹಾಕುತ್ತದೆ, ಅರ್ಥಧಾರಿಗಳು ಕೊಳವೆಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಹಾಗಾಗಿ ನಾನು 6 ಡೆಸಿಬೆಲ್ ಮೇಲೆ ಹೋಗುವುದಿಲ್ಲ. ಅದೂ ಪ್ರತಿಯ ಮೇಲೆ, ಮೂಲ ಫೈಲನ್ನು ಮುಟ್ಟುವುದಿಲ್ಲ. "ಹಿಂದೆ ಆ ಮಳೆ ಸದ್ದು ಎಂಥಕ್ಕೆ ಮಾರಾಯಾ, ತೆಗೆದು ಕೊಡು" ಅಂದ ನಮ್ಮ ಭಾವ. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದದ್ದು ನಿಜ, ಅದು ಇರಲಿ ಅಂದೆ. ಅವನಿಗೆ ಎಂಪಿ3 ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ವೇವ್ ಫೈಲುಗಳು ಎರಡು ಹಾರ್ಡ್ ಡಿಸ್ಕಿನಲ್ಲಿವೆ, ಒಂದು ಇಲ್ಲಿ, ಇನ್ನೊಂದು ಶಿವಮೊಗ್ಗದ ತಂಗಿ ಮನೆಯಲ್ಲಿ.